ಎರಡು ಬಾಗಿಲಿನ ಕಂಪ್ಯೂಟರು

ಸಾಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹೊಸನಗರ, ತೀರ್ಥಹಳ್ಳಿಯಿಂದ ಫೋನ್ ಬಂದರೂ ಬೈಕ್ ಹತ್ತಿ ಹೋಗುತ್ತೇನೆ. ಕಂಪ್ಯೂಟರ್ ತಾನಾಗಿ ಕೆಡುವುದು ಅಪರೂಪ. ಅದರ ಸುತ್ತ ಇರುವವರು ಏನಾದರೊಂದು ಮಾಡಿಟ್ಟಿರುವುದು ದಿನಾ ಇದ್ದದ್ದೇ. ಅದರಲ್ಲೂ ಎರಡು ನೆಟ್‌ವರ್ಕ್ ಕಾರ್ಡ್ ಇರುವ ಕಂಪ್ಯೂಟರ್ ಅಂದರೆ ಹೋಗುವ ಮೊದಲೇ ನನಗೆ ನಗು ಬರುತ್ತದೆ. ವಿಷಯ ಸುಲಭ. ಒಂದು ಕಾರ್ಡಿಗೆ ಹೊರಗಿಂದ ಬರುವ ಇಂಟರ್ನೆಟ್ ವೈರು, ಇನ್ನೊಂದರಿಂದ ಒಳಗಿನ ಬೇರೆ ಕಂಪ್ಯೂಟರ್‌ಗಳಿಗೆ ಹೋಗುವ ವೈರು. ಮುಂಬಾಗಿಲಲ್ಲಿ ಬಂದ ನೆಟ್ಟನ್ನು ಹಿತ್ತಲ ಬಾಗಿಲಿಂದ ಹಂಚಿದ ಹಾಗೆ. ಇಷ್ಟೇ. ಎಡವಟ್ಟೆಲ್ಲ ಆಗುವುದೂ ಈ ಇಷ್ಟರಲ್ಲೇ.

ಒಳಗೆ, ಹೊರಗೆ

ಸಾಗರದ ಪೇಟೆಯಲ್ಲಿ ಒಬ್ಬರು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದಾರೆ. ಆಯುಧಪೂಜೆಗೆ ಕಂಪ್ಯೂಟರ್ ಒರೆಸಲು ಎರಡೂ ವೈರು ಕಿತ್ತು, ಕುಂಕುಮ ಹಚ್ಚಿ, ಮತ್ತೆ ಅದಲುಬದಲು ಸಿಕ್ಕಿಸಿದ್ದರು. ಯಾವ ಕಂಪ್ಯೂಟರ್‌ಗೂ ನೆಟ್ ಇಲ್ಲ.

“ಎರಡೂ ತೂತು ಒಂದೇ ಥರ ಇದ್ವು ಮಾರಾಯ್ರೆ, ನಾನೇನ್ ಮಾಡ್ಲಿ?” ಅಂದರು.

ಸರಿಮಾಡಿ, ಒಂದು ವೈರಿಗೆ ‘ಒಳಗೆ’, ಇನ್ನೊಂದಕ್ಕೆ ‘ಹೊರಗೆ’ ಅಂತ ಚೀಟಿ ಅಂಟಿಸಿ ಬಂದೆ. ಕೆಲವು ದಿನ ಬಿಟ್ಟು ಮತ್ತೆ ಫೋನ್. ಹೋಗಿ ನೋಡಿದರೆ ಒಂದು ವೈರು ಕಾಣಿಸುತ್ತಲೇ ಇಲ್ಲ.

“ಎಲ್ಲಿ ಹೋಯ್ತು?”

“ಗುಡಿಸುವಾಗ ಬಿಚ್ಚಿ ಬಂದಿತ್ತು. ನೀವೇ ಬರೆದಿದ್ರಲ್ಲ ‘ಹೊರಗೆ’ ಅಂತ?” ಅಂದವರೇ ಕಿಟಕಿ ತೋರಿಸಿದರು. ವೈರು ಗೋಡೆಯಾಚೆ ನೇತಾಡುತ್ತಿತ್ತು.

ಊಟದ ಹೊತ್ತು

ಹೊಸನಗರದ ಕಡೆ ಒಂದು ಸಣ್ಣ ಆಫೀಸು. ಅಲ್ಲಿನ ಕ್ಲಾರ್ಕ್ ಒಬ್ಬರೇ ಮೊದಲು ಊಟ ಮುಗಿಸಿ ಕೆಲಸಕ್ಕೆ ಕೂರುವವರು. ಸರಿಯಾಗಿ ಆಗಲೇ ನೆಟ್ ಹೋಗುತ್ತದೆ. ಮಧ್ಯಾಹ್ನ ಮ್ಯಾನೇಜರು ಊಟ ಮುಗಿಸಿ ಬಂದ ಕೂಡಲೇ ಬರುತ್ತದೆ. “ಈ ನೆಟ್ಟಿಗೂ ಸಾಹೇಬ್ರನ್ನ ಕಂಡ್ರೆ ಹೆದ್ರಿಕೆ” ಅಂತ ಕ್ಲಾರ್ಕ್ ತೀರ್ಮಾನಿಸಿದ್ದರು.

ನೋಡಿದೆ. ಎರಡು ಕಾರ್ಡು ಇದ್ದದ್ದು ಮ್ಯಾನೇಜರ ಕಂಪ್ಯೂಟರಿನಲ್ಲಿ. ಅವರು ಕರೆಂಟ್ ಉಳಿಸೋಣ ಅಂತ ಊಟಕ್ಕೆ ಏಳುವಾಗೆಲ್ಲ ಅದನ್ನು ಆಫ್ ಮಾಡುತ್ತಿದ್ದರು. ಎಲ್ಲರಿಗೂ ನೆಟ್ ಹೋಗುವುದು ಅದರ ಮೂಲಕವೇ ಅಂತ ವಿವರಿಸಿದೆ.

ಮ್ಯಾನೇಜರು ಗಂಭೀರವಾದರು. “ಅಂದ್ರೆ ಇವ್ರು ಕೆಲಸ ಮಾಡ್ಬೇಕಾದ್ರೆ ನಾನು ಊಟ ಬಿಟ್ಟು ಇಲ್ಲೇ ಕೂತಿರ್ಬೇಕಾ?”

ಕ್ಲಾರ್ಕ್ ತಲೆ ಎತ್ತದೆ ಹೇಳಿದರು: “ನೀವು ಬೇಡ ಸಾರ್, ಕಂಪ್ಯೂಟರ್ ಇದ್ರೆ ಸಾಕು.”

ಪಿಂಗ್

ವರದಮೂಲದ ಹತ್ತಿರ ಒಬ್ಬರು ಸಂಗೀತದ ಟೀಚರಕ್ಕ, ಮಾತು ಹವ್ಯಕ ಕನ್ನಡ. ಮನೆಯಲ್ಲಿ ಎರಡು ಕಂಪ್ಯೂಟರು. ಪಾಠ ಹೇಳುವ ಕೋಣೆಯದಕ್ಕೆ ನೆಟ್ ಹೋಗುವುದು ಚಾವಡಿಯದರ ಎರಡನೇ ಕಾರ್ಡಿನಿಂದ. ಒಂದು ಬೆಳಿಗ್ಗೆ ಪಾಠದ ಹೊತ್ತಿಗೇ ಕೈಕೊಟ್ಟಿತು. ನಾನು ಬೇರೆ ಊರಿನಲ್ಲಿದ್ದೆ.

“ಒಂದು ಕಂಪ್ಯೂಟರಿಂದ ಇನ್ನೊಂದನ್ನ ಕರೆದು ನೋಡೋಣ ಅಕ್ಕ. ಅದಕ್ಕೆ ಪಿಂಗ್ ಅಂತಾರೆ” ಅಂತ ಫೋನಿನಲ್ಲೇ ಅಕ್ಷರ ಅಕ್ಷರ ಹೇಳಿ ಟೈಪ್ ಮಾಡಿಸಿದೆ. “ಈಗ ಏನು ಬಂತು?”

“ರಿಕ್ವೆಸ್ಟ್, ರಿಕ್ವೆಸ್ಟ್ ಹೇಳಿ ಬತ್ತಾ ಇದ್ದು. ಉತ್ತರವೇ ಇಲ್ಲೆ ತಮಾ. ಎಂಗಳ ಮನೆಯವ್ರನ್ನ ಊಟಕ್ಕೆ ಕರದಾಂಗೇ ಆತಲ!”

ಕಂಪ್ಯೂಟರಿನ ಹಿಂಬದಿಯ ವೈರು ಒತ್ತಿ ನೋಡಿ ಅಂದೆ. ಟಕ್ ಅಂತ ಕೂತ ಸದ್ದು ನನಗೂ ಕೇಳಿಸಿತು. ಮತ್ತೆ ಪಿಂಗ್ ಮಾಡಿಸಿದೆ.

“ಹೋ, ಈಗ ಉತ್ತರ ಬಂತು!” ಅಂತ ಹಿಗ್ಗಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ತಮಾ, ಈ ಪಿಂಗನ್ನ ಎಂಗಳ ಮನೆಯವ್ರಿಗೂ ಹಾಕ್ಸಲೆ ಬತ್ತಾ?”

ಧಾರೆಯ ಲೈವ್

ತೀರ್ಥಹಳ್ಳಿಯ ಒಂದು ಕಲ್ಯಾಣಮಂಟಪ. ಹುಡುಗಿಯ ಅಜ್ಜಿ ಕಾಲು ಉಳುಕಿಸಿಕೊಂಡು ಕವಲೇದುರ್ಗದ ಕೆಳಗಿನ ಮನೆಯಲ್ಲೇ ಉಳಿದಿದ್ದರು. ಅವರು ಮೊಮ್ಮಗಳ ಧಾರೆಯನ್ನು ಫೋನಿನಲ್ಲಿ ನೋಡಲೇಬೇಕು. ಫೋಟೋಗ್ರಾಫರ ಲೈವ್ ಮಾತ್ರ ಹೋಗುತ್ತಿಲ್ಲ. ಮುಹೂರ್ತ ಹತ್ತಿರ ಬಂದಿತ್ತು.

ಹುಡುಗಿಯ ಅಪ್ಪ ತಮ್ಮ ಫೋನನ್ನೇ ನನ್ನ ಕೈಗಿಟ್ಟರು. “ಇದರಲ್ಲಿ ಬರ್ತದಾ ನೋಡ್ತಾ ಇರಿ. ನಮ್ಮಮ್ಮ ಕಾಯ್ತಾ ಇದಾರೆ.” ಯಾರೋ ಕಾಫಿ ತಂದರೆ ಕೈ ಅಡ್ಡ ಹಿಡಿದು, “ಧಾರೆ ಎರೆಯೋ ತನಕ ನಂಗೆ ಉಪವಾಸ” ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೊರಟುಹೋದರು.

ಕಂಪ್ಯೂಟರಿನ ಒಂದು ಕಾರ್ಡಿಗೆ ನೆಟ್ಟು, ಇನ್ನೊಂದಕ್ಕೆ ಇಡೀ ಕಲ್ಯಾಣಮಂಟಪದ ಕ್ಯಾಮೆರಾಗಳು. ಯಾರೋ ಎರಡೂ ಕಾರ್ಡಿಗೆ ಒಂದೇ ಥರದ ವಿಳಾಸ ಕೊಟ್ಟಿದ್ದರು. ಯಾವ ದಾರಿಯಲ್ಲಿ ಹೋಗಬೇಕೋ ತಿಳಿಯದೆ ಕಂಪ್ಯೂಟರು ಕಂಗಾಲಾಗಿತ್ತು. ಒಂದರ ವಿಳಾಸ ಬದಲಾಯಿಸಿದ್ದೇ ಕ್ಯಾಮೆರಾಗಳೆಲ್ಲ ಸಾಲಾಗಿ ಬಂದವು. ಖುಷಿಯ ಭರದಲ್ಲಿ ಫೋಟೋಗ್ರಾಫರು ಮೊದಲು ಕಂಡ ಕ್ಯಾಮೆರಾವನ್ನೇ ಲೈವಿಗೆ ಒತ್ತಿಬಿಟ್ಟರು.

ಕೂಡಲೇ ಕೈಯಲ್ಲಿದ್ದ ಫೋನು ರಿಂಗಾಯಿತು. ‘ಅಮ್ಮ’ ಅಂತ ಬಂತು. ಎತ್ತಿದೆ.

“ನಾನು ಕಂಪ್ಯೂಟರಿನವ್ನು, ಅಜ್ಜಮ್ಮ. ಕಾಣ್ತಾ ಇದೆಯಾ?”

“ಬಾಳ ಚೆನ್ನಾಗಿ ಕಾಣ್ತದೆ. ಹುಡುಗಿ ಎಲ್ಲಿ? ನನ್ನ ಮಗ ಒಬ್ನೇ ನಿಂತ್ಕಂಡು ಲಾಡು ತಿಂತಾ ಇದಾನಲ್ಲ?”

ತಿರುಗಿ ನೋಡಿದೆ. ಪರದೆಯ ಮೇಲೆ ಅಡುಗೆಮನೆಯ ಉಗ್ರಾಣ! ಲಾಡಿನ ತಟ್ಟೆಗಳ ನಡುವೆ ಹುಡುಗಿಯ ಅಪ್ಪ, ಎರಡೂ ಕೆನ್ನೆ ಉಬ್ಬಿಸಿಕೊಂಡು, ಬಾಗಿಲ ಕಡೆ ಒಂದು ಕಣ್ಣಿಟ್ಟು. ಫೋಟೋಗ್ರಾಫರು ಗಾಬರಿಯಿಂದ ಮಂಟಪದ ಕ್ಯಾಮೆರಾ ಒತ್ತಿದರು. ಅಷ್ಟರಲ್ಲಿ ಅಪ್ಪನೂ ಮೀಸೆ ಒರೆಸಿಕೊಳ್ಳುತ್ತ, ಹಸಿದ ಮುಖ ಮಾಡಿಕೊಂಡು ಮಂಟಪ ಹತ್ತಿದರು. ಧಾರೆ ಚೆಂದವಾಗಿ ಶುರುವಾಯಿತು.

“ಈಗ ಸರಿಯಾಯ್ತಾ ಅಜ್ಜಮ್ಮ? ಹುಡುಗಿ ಕಾಣ್ತಾ ಇದಾಳಾ?”

“ಕಾಣ್ತಾಳೆ ಮಗಾ, ಲಕ್ಷ್ಮಿ ಹಂಗೆ ಇದಾಳೆ. ನೂರು ಕಾಲ ಬಾಳ್ಲಿ” ಅಂತ ಮೂಗೆಳೆದುಕೊಂಡರು. ಆಮೇಲೆ ಮೆಲ್ಲಗೆ, “ಆ ಮೊದಲಿನ ಚಾನೆಲ್ಲು ಇನ್ನೊಂಚೂರು ಹೊತ್ತು ಇಟ್ಟಿದ್ರೆ ಆಗ್ತಿತ್ತು” ಅಂದರು.