ಗುಡುಗು ಮೇಷ್ಟ್ರು ಕಿವಿಯಾದದ್ದು

ಮಕ್ಕಳನ್ನು ಗದರಿಸುತ್ತಿದ್ದ ಕೋಣೆಯಲ್ಲೇ, ಗದರಿಸುತ್ತಿದ್ದ ಮೇಷ್ಟ್ರೇ ಕೂತು ಅವರ ಮನಸ್ಸಿನ ಮಾತು ಕೇಳಬೇಕೆಂದು ಮೇಲಿನಿಂದ ಆದೇಶ ಬಂದದ್ದೇ ಎಲ್ಲಕ್ಕೂ ಮೂಲ.

ಬಾಗಿಲ ಮೇಲಿದ್ದ ‘ಶಿಸ್ತು ವಿಭಾಗ’ ಹೋಗಿ ‘ಆಪ್ತ ಸಮಾಲೋಚನೆ’ ಬಂತು. ಬೆತ್ತ ಹೋಗಿ ಮೆತ್ತನೆಯ ಕುರ್ಚಿ ಬಂತು. ಕಿಟಕಿಗೆ ತಿಳಿನೀಲಿ ಪರದೆಯೂ ಬಂತು. ಬಾರದೆ ಉಳಿದವರು ಮಕ್ಕಳು ಮಾತ್ರ. ಗುಡುಗು ಮೇಷ್ಟ್ರು ನಕ್ಕರೆ, ಬೆಕ್ಕು ಬಂದು ಇಲಿಯ ಆರೋಗ್ಯ ವಿಚಾರಿಸಿದಂತೆ ಮಕ್ಕಳಿಗೆ ಕಾಣುತ್ತಿತ್ತು.

ಆದರೆ ಮೇಷ್ಟ್ರಿಗೆ ಈ ಕೆಲಸ ಹಿಡಿಸಿಬಿಟ್ಟಿತ್ತು. ಪರದೆ ಉಸಿರಾಡುವಂತೆ ಉಬ್ಬಿ ಇಳಿಯುವಾಗ, ಎದುರಿನ ಕುರ್ಚಿಯಲ್ಲಿ ಒಂದು ಮಗು ಕಾಲಾಡಿಸುತ್ತ ಏನೋ ಹೇಳುತ್ತಿರುವ ಹಾಗೆ ಅವರಿಗೆ ಹಗಲುಗನಸು ಬೀಳುತ್ತಿತ್ತು.

ಅವತ್ತು ಬೆಳಿಗ್ಗೆ ಹೆಡ್‌ಮಿಸ್ ಬಂದರು. “ಸರ್, ಮಧ್ಯಾಹ್ನ ಅಧಿಕಾರಿಗಳು ಬರ್ತಾರೆ. ಒಂದು ಮಗುವಾದ್ರೂ ತಾನಾಗಿ ಬಂದು ನಿಮ್ಮ ಹತ್ರ ಮಾತಾಡ್ಬೇಕು. ಇಲ್ದಿದ್ರೆ ಈ ಕೆಲಸ ರದ್ದು. ನೀವು ಮತ್ತೆ ಬೆತ್ತ ಹಿಡಿದು ಗದರಿಸೋದೇ!”

ಮೇಷ್ಟ್ರು ವರಾಂಡಕ್ಕೆ ಓಡಿದರು. ನೀರು ಕುಡಿಯುತ್ತಿದ್ದ ಪುಟ್ಟ ಹುಡುಗನಿಗೆ, “ಏನಪ್ಪಾ, ಮನಸ್ಸಲ್ಲೇನಿದೆ?” ಎಂದರು.

“ನಾನೇನೂ ಮಾಡಿಲ್ಲ ಸರ್! ಎಲ್ಲಾ ಅವನೇ ಮಾಡಿದ್ದು!” ಎಂದವನೇ ಹುಡುಗ ಮಾಯವಾದ.

ಸೋತು ಕೋಣೆಗೆ ಮರಳಿದರೆ ಕುರ್ಚಿಯಲ್ಲಿ ಗಣಿತದ ಟೀಚರ್ ಕೂತಿದ್ದರು.

“ಎರಡೇ ನಿಮಿಷ ಸರ್. ನನ್ನ ಮಗಳು ನನ್ನ ಹತ್ರ ಮಾತೇ ಬಿಟ್ಟಿದ್ದಾಳೆ. ಮನೇಲಿ ಗೋಡೆಗೆ ಲೆಕ್ಕ ಹೇಳ್ಕೊಟ್ಟ ಹಾಗಿದೆ.”

ಮೇಷ್ಟ್ರು ಎದುರು ಕೂತು ಎಲ್ಲ ಕೇಳಿಸಿಕೊಂಡರು. ಟೀಚರ್ ಎದ್ದಾಗ ಬಾಗಿಲಲ್ಲಿ ಪಿ.ಟಿ. ಮೇಷ್ಟ್ರು ನಿಂತಿದ್ದರು.

“ದಿನಾ ಒಂದೇ ಕನಸು ಸರ್. ಓಡ್ತಾ ಇರ್ತೀನಿ, ಒಂದು ಆಮೆ ನನ್ನ ದಾಟಿಕೊಂಡು ಹೋಗುತ್ತೆ. ಹೋಗ್ತಾ ತಿರುಗಿ ನೋಡಿ ನಗುತ್ತೆ ಸರ್!”

ಫ್ಯಾನು ನಿದ್ದೆಗಣ್ಣಿನಲ್ಲಿ ತಿರುಗುತ್ತಿತ್ತು. ನೀರಿನ ತಳದಿಂದ ಬಂದ ಹಾಗೆ ಎಲ್ಲರ ದನಿಯೂ ಮೆಲ್ಲಗಾಗುತ್ತಿತ್ತು. ಮಗು ಬಂತೇ ಎಂದು ನೋಡಲು ಬಂದ ಹೆಡ್‌ಮಿಸ್ಸೇ ಕುರ್ಚಿಯಲ್ಲಿ ಕುಸಿದು, “ನನಗೆ ಎಲ್ಲರೂ ಹೆದರ್ತಾರೆ ಸರ್, ನನ್ನ ಸೊಸೆ ಒಬ್ಬಳನ್ನ ಬಿಟ್ಟು,” ಎಂದು ಮೂಗೊರೆಸಿಕೊಂಡರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಧಿಕಾರಿ!

ಹೆಡ್‌ಮಿಸ್ ಧಡಕ್ಕನೆ ಎದ್ದು ಹೊರಗೆ ಹೋದರು. ಅಧಿಕಾರಿ ಸುತ್ತ ನೋಡಿದರು. “ಮಕ್ಕಳೆಲ್ಲಿ?”

“ಬರ್ತಾರೆ ಸರ್... ಕೂತ್ಕೊಳ್ಳಿ.”

ಅವರು ಕೂತರು. ಪರದೆ ಒಮ್ಮೆ ಉಬ್ಬಿ ಇಳಿಯಿತು. ಕುರ್ಚಿಗೆ ಒರಗಿ, “ನಾನು ಆಫೀಸಲ್ಲಿ ಊಟಕ್ಕೆ ಹೋದ್ರೆ ಎಲ್ಲರೂ ಮಾತು ನಿಲ್ಲಿಸ್ತಾರೆ ಕಣ್ರೀ,” ಎಂದರು. ಆಮೇಲೆ ಒಂದಾದ ಮೇಲೊಂದು ಹೇಳುತ್ತಲೇ ಹೋದರು. ಮೇಷ್ಟ್ರು ಕೇಳುತ್ತಲೇ ಕೂತರು.

ಕೊನೆಗೆ ಅಧಿಕಾರಿ ಕಣ್ಣೊರೆಸಿಕೊಂಡು ಹೆಡ್‌ಮಿಸ್‌ರನ್ನು ಒಳಗೆ ಕರೆದರು. “ಈ ಕೆಲಸ ರದ್ದು ಮಾಡೋ ಮಾತೇ ಇಲ್ಲ. ಇಂಥ ಕಿವಿ ಎಲ್ಲಿ ಸಿಗುತ್ತೆ?”

ಮೇಷ್ಟ್ರಿಗೆ ನೆಲ ಬಿಟ್ಟು ಮೇಲೇರಿದ ಹಾಗಾಯಿತು.

“ಆದ್ರೆ ಇನ್ಮೇಲೆ ಇದು ದೊಡ್ಡವರಿಗೆ ಮಾತ್ರ. ವಾರಕ್ಕೊಮ್ಮೆ ನಾನೂ ಬರ್ತೀನಿ. ಮಕ್ಕಳು ಈ ಕಡೆ ಸುಳಿಯಬಾರದು. ಬಂದ್ರೆ ಗದರಿಸಿ ಓಡಿಸೋರು ಯಾರಾದ್ರೂ ಇದ್ದಾರಾ?”

“ಅಯ್ಯೋ ಸರ್,” ಹೆಡ್‌ಮಿಸ್ ಹೆಮ್ಮೆಯಿಂದ ಅಂದರು, “ಅದಕ್ಕೂ ಇವರೇ ಇದ್ದಾರಲ್ಲ!”

ಆಗಲೇ ಪರದೆ ಸರಿಸಿಕೊಂಡು ಕಿಟಕಿಯಲ್ಲಿ ಎರಡು ಜಡೆಯ ಒಂದು ಪುಟ್ಟ ಮುಖ ಇಣುಕಿತು. “ಸರ್... ಟೀಚರ್‌ಗಳೆಲ್ಲ ನಿಮ್ಮ ಹತ್ರ ಹೇಳ್ಕೊಂಡು ನಗ್ತಾ ಹೊರಗೆ ಬಂದ್ರು. ನಾನೂ ಒಂದು ಮಾತು ಹೇಳ್ಲಾ?”

ಅಧಿಕಾರಿ, ಹೆಡ್‌ಮಿಸ್ ಇಬ್ಬರೂ ಮೇಷ್ಟ್ರ ಕಡೆ ತಿರುಗಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.