ಅತ್ತೆ ಬಂದರು, ಬಿಪಿ ಏರಿತು

ಅಂಕಿಅಂಶ ವಿಭಾಗದಲ್ಲಿ ಕೂತು ಊರಿನವರ ಜನನ-ಮರಣಗಳಿಗೆಲ್ಲ ನಕ್ಷೆ ಬರೆದ ನನಗೆ, ನನ್ನದೇ ರಕ್ತದೊತ್ತಡವೆಂಬ ಯಃಕಶ್ಚಿತ್ ಶತ್ರುವಿನ ಮೂಲ ಹುಡುಕುವುದು ಯಾವ ಮಹಾ ಕೆಲಸ? ಪತ್ತೆ ಮಾಡಿಯೇ ತೀರುತ್ತೇನೆಂದು ಶಪಥ ಮಾಡಿದೆ. ಬಿಪಿ ಮಿಷನ್ ತಂದು ದಿನಾ ಬೆಳಗ್ಗೆ ತೋಳಿಗೆ ಪಟ್ಟಿ ಸುತ್ತಿಕೊಂಡೆ. ತಿಂಗಳುಗಳ ಅಂಕಿಗಳನ್ನು ಕಚೇರಿಯ ಕಂಪ್ಯೂಟರಿಗೆ ತುಂಬಿ, ಬಣ್ಣದ ನಕ್ಷೆ ತೆಗೆದೆ.

ನೋಡಿದರೇನು! ಗೆರೆ ತಲೆ ಎತ್ತಿದಲ್ಲೆಲ್ಲ ಅತ್ತೆಯವರು ನಮ್ಮ ಮನೆಯಲ್ಲಿದ್ದರು!

ನಕ್ಷೆಯನ್ನು ತಂದು ಫ್ರಿಜ್ಜಿಗೆ ಅಂಟಿಸಿದೆ. “ನನ್ನ ಕಾಯಿಲೆಗೆ ಕಾರಣ ಸಿಕ್ತು ಕಣೇ. ನಿಮ್ಮಮ್ಮ.”

“ಮೆತ್ತಗೆ ಮಾತಾಡ್ರೀ, ಅಮ್ಮ ಇಲ್ಲೇ ಇದ್ದಾರೆ” ಎಂದಳು ಹೆಂಡತಿ.

“ಇದ್ರೆ ಇರಲಿ. ಇದು ನನ್ನ ಮಾತಲ್ಲ, ಅಂಕಿ ಹೇಳ್ತಿರೋದು.”

ತಿರುಗಿದರೆ ಬಾಗಿಲಲ್ಲಿ ಅತ್ತೆ. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ನನ್ನ ಮಾತ್ರೆ. ಎರಡನ್ನೂ ಮೇಜಿನ ಮೇಲಿಟ್ಟು, ಚೀಲ ತುಂಬಿಕೊಂಡು ಹೊರಟೇಬಿಟ್ಟರು.

ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ವಿಜ್ಞಾನಕ್ಕಾಗಿ ಇಂಥ ತ್ಯಾಗ ಮಾಮೂಲೆಂದು ಸಮಾಧಾನ ಮಾಡಿಕೊಂಡು, ಇನ್ನೇನು ಬಿಪಿ ಇಳಿಯುತ್ತದೆಂದು ಕಾದೆ. ಅದು ಹಿಂದೆಂದೂ ಏರದ ಅಟ್ಟ ಏರಿ ಕೂತಿತು! ವಾರ ಕಳೆಯುವುದರೊಳಗೆ ತಲೆ ಗಿರ್ರೆಂದು ಕಚೇರಿಯ ಕುರ್ಚಿಯಲ್ಲೇ ಕುಸಿದೆ.

“ಮಾತ್ರೆ ತಗೋತಿದ್ದೀರಾ?” ಡಾಕ್ಟರು ಕೇಳಿದರು.

“ಅತ್ತೆ ಇದ್ದಾಗ ತಗೋತಿದ್ದೆ” ಎಂದೆ.

ಸುದ್ದಿ ಕೇಳಿ ಆಸ್ಪತ್ರೆಗೆ ಓಡಿಬಂದಿದ್ದ ಹೆಂಡತಿ ವಾರದ ಮೌನವನ್ನೆಲ್ಲ ಒಟ್ಟಿಗೇ ಮುರಿದಳು. “ಇವರು ಮಾತ್ರೆ ಮರೀತಾರೆ ಡಾಕ್ಟ್ರೇ. ನಾನು ಕೊಟ್ರೆ ಜಗಳಕ್ಕೆ ಬರ್ತಾರೆ. ಅದಕ್ಕೇ ಬಿಪಿ ಏರಿದಾಗೆಲ್ಲ ಅಮ್ಮನಿಗೆ ಫೋನ್ ಮಾಡಿ ಕರೆಸ್ತೀನಿ. ಅಮ್ಮ ಎದುರು ನಿಂತ್ರೆ ಬಾಯಿ ಮುಚ್ಕೊಂಡು ನುಂಗ್ತಾರೆ. ಇಳಿದ ಮೇಲೆ ಅಮ್ಮ ವಾಪಸ್ ಹೋಗ್ತಾರೆ.”

“ಅಂದ್ರೆ, ಅತ್ತೆ ಬಂದದ್ದಕ್ಕೆ ಬಿಪಿ ಏರಿದ್ದಲ್ಲ...” ಎಂದೆ ನಾನು.

“ಏರಿದ್ದಕ್ಕೆ ಅವರು ಬಂದದ್ದು” ಎಂದರು ಡಾಕ್ಟರು. “ಜೊತೆಗೆ ಕಂಡದ್ದೆಲ್ಲ ಕಾರಣ ಆಗಲ್ಲ ಸ್ವಾಮಿ. ನಾನಿರೋ ಕಡೆಯೆಲ್ಲ ರೋಗಿಗಳಿರ್ತಾರೆ. ಹಾಗಂತ ರೋಗ ಹಚ್ಚಿದ್ದು ನಾನಾ?”

ಮಾನ ಮರ್ಯಾದೆ ಬದಿಗಿಟ್ಟು ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. “ತಪ್ಪಾಯ್ತು ಅತ್ತೆ. ದಯವಿಟ್ಟು ಬನ್ನಿ.”

ಆ ಕಡೆಯಿಂದ ತೋಳಿನ ಪಟ್ಟಿಗೆ ಗಾಳಿ ತುಂಬುವ ಪರಿಚಿತ ಸದ್ದು ಕೇಳಿಸಿತು.

“ಬರ್ತೀನಿ ಅಳಿಯಂದ್ರೇ. ಆದ್ರೆ ನಾನೂ ಒಂದು ಮಿಷನ್ ತಗೊಂಡಿದ್ದೀನಿ. ನಿಮ್ಮ ದನಿ ಕೇಳ್ತಿದ್ದ ಹಾಗೇ ಏರಿಬಿಡ್ತು. ಕಾರಣ ಯಾರು ಅಂತ ಒಂದು ನಕ್ಷೆ ಬರೆದುಕೊಡಿ, ನಮ್ಮ ಫ್ರಿಜ್ಜಿಗೂ ಅಂಟಿಸ್ತೀನಿ.”