ಎಡಕ್ಕೆ ಎಳೆಯುವ ವಿಮಾನ

ವಿಮಾನ ಎಡಕ್ಕೆ ಎಳೆಯತೊಡಗಿ ಒಂದು ವಾರವಾಗಿತ್ತು.

ನಿಜವಾದ ವಿಮಾನವಲ್ಲ, ಕಂಪ್ಯೂಟರಿನೊಳಗಿನದು. ಆದರೆ ತಂಟೆಯಲ್ಲಿ ನಿಜದ್ದಕ್ಕಿಂತ ಒಂದು ಕೈ ಹೆಚ್ಚೇ. ಬ್ಯಾಟರಿಯ ಸ್ವಿಚ್ಚು, ಇಂಧನದ ಪಂಪು, ಎಡ ಎಂಜಿನ್ನು, ಬಲ ಎಂಜಿನ್ನು ಎಂದು ಒಂದೊಂದನ್ನೇ ಓಲೈಸಿದ ಮೇಲಷ್ಟೇ ಆ ಯುದ್ಧವಿಮಾನ ನೆಲ ಬಿಡುತ್ತಿತ್ತು. ಹಿಡಿದು ತಿರುಗಿಸಲು ಮೇಜಿನ ಮೇಲೊಂದು ಜಾಯ್‌ಸ್ಟಿಕ್, ಮೂತಿಯನ್ನು ಅತ್ತಿತ್ತ ಮಾಡಲು ಮೇಜಿನ ಕೆಳಗೆ ಎರಡು ಪೆಡಲ್. ಒಂಟಿ ಕೋಣೆಯ ಆ ಮನೆಯಲ್ಲಿ ಮಂಚಕ್ಕಿಂತ ಹೆಚ್ಚಿನ ಮರ್ಯಾದೆ ಆ ಮೇಜಿಗಿತ್ತು.

ಮನೆಯ ಯಜಮಾನ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದ. ಊರಿನ ಅರ್ಧ ಜನ ಅವನು ಉಜ್ಜಿದ ಗಾಜಿನಿಂದಲೇ ಲೋಕ ನೋಡುತ್ತಿದ್ದರು. ಅವನನ್ನು ಮಾತ್ರ ಯಾರೂ ನೋಡಿರಲಿಲ್ಲ. ಅವನ ಮೂಗಿನ ಮೇಲೂ ಸೀಸೆಯ ತಳದಷ್ಟು ದಪ್ಪದ ಕನ್ನಡಕ. ಅದೇ ಕಾರಣಕ್ಕೆ ಚಿಕ್ಕಂದಿನಲ್ಲಿ ಕಂಡ ವಿಮಾನ ಹಾರಿಸುವ ಕನಸು ಮೇಜಿನ ಮೇಲೆ ಬಂದು ಕೂತಿತ್ತು. ಅವನನ್ನು ಕನ್ನಡಕದಣ್ಣ ಎನ್ನೋಣ.

ದಿನವೂ ಸಂಜೆ ಎಲ್ಲೆಲ್ಲಿಯೋ ಇರುವ ನಾಲ್ವರು ತಂತಮ್ಮ ಮನೆಯಲ್ಲಿ ಕೂತು ಒಟ್ಟಿಗೆ ಹಾರುತ್ತಿದ್ದರು. ಅವರಲ್ಲಿ ಇವನು ಮೂರನೆಯವನು. "ಮೂರು, ಇದೀರಾ?" ಎಂದು ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಮುಖಂಡನ ದನಿ ಕೇಳಿದರೆ, "ಇದೀನಿ" ಎಂದು ಇವನು ಹೇಳುತ್ತಿದ್ದ. ಆ ಹೊತ್ತು ಬಿಟ್ಟರೆ ಇಡೀ ದಿನ ಅವನಿದ್ದಾನೋ ಇಲ್ಲವೋ ಎಂದು ಕೇಳುವವರು ಬೇರೆ ಯಾರೂ ಇರಲಿಲ್ಲ.

ನಿನ್ನೆ ಸಂಜೆ ವಿಮಾನ ಎಡಕ್ಕೆ ಎಳೆದುಕೊಂಡು ಹೋಗಿ ಎರಡನೆಯವರಿಗೆ ಗುದ್ದಿತ್ತು. ವಾರದಲ್ಲಿ ಅದು ನಾಲ್ಕನೆಯ ಸಲ. ಮುಖಂಡ ಒಳ್ಳೆಯ ಮನುಷ್ಯ, ಗದರಲಿಲ್ಲ. "ಮೂರು, ನಾಳೆ ಸಂಜೆಯೊಳಗೆ ಸರಿಮಾಡ್ಕೊಳ್ಳಿ. ಇಲ್ಲಾಂದ್ರೆ ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ. ನಿಮ್ಮ ಜಾಗಕ್ಕೆ ಒಬ್ರು ಕೇಳ್ತಾನೇ ಇದಾರೆ" ಎಂದಿದ್ದ. ಅಷ್ಟು ಮೆತ್ತಗೆ ಹೇಳಿದ್ದಕ್ಕೇ ಕನ್ನಡಕದಣ್ಣನಿಗೆ ರಾತ್ರಿ ಊಟ ಸೇರಲಿಲ್ಲ.

ಇವತ್ತು ವಾರದ ರಜೆ. ಬೆಳಿಗ್ಗೆಯೇ ಕೂತ. ಪರೀಕ್ಷೆಗೆಂದು ಕಂಪ್ಯೂಟರು ಹೇಳಿದ ಹಾಗೆ ಜಾಯ್‌ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ತಿರುಗಿಸಿ ಬಿಟ್ಟ. ಪರದೆಯ ಮೇಲಿನ ಚುಕ್ಕೆ ಒಳ್ಳೆಯ ಹುಡುಗನಂತೆ ನಡುಮಧ್ಯೆ ಬಂದು ನಿಂತಿತು. ವಿಮಾನ ಏರಿಸಿದರೆ ಮತ್ತೆ ಎಡಕ್ಕೆ! ಬಲಕ್ಕೆ ಎಳೆದ, ಅದು ಇನ್ನಷ್ಟು ಹಟ ಮಾಡಿತು. ಕೊನೆಗೆ ಬೆಟ್ಟದ ತುದಿಗೆ ರೆಕ್ಕೆ ತಗುಲಿ ಎಂಜಿನ್ ಹೊತ್ತಿಕೊಂಡಿತು. ಅಭ್ಯಾಸಬಲ, ಕನ್ನಡಕದಣ್ಣ ಮೈಕಿನಲ್ಲಿ ಕೂಗಿಯೇ ಬಿಟ್ಟ.

"ಬೆಂಕಿ! ಬೆಂಕಿ! ಇನ್ನು ಆಗಲ್ಲ, ಹಾರ್ತಾ ಇದೀನಿ! ಯಾರಾದ್ರೂ ಇದೀರಾ?"

ಆ ಹೊತ್ತಿನಲ್ಲಿ ಅವನ ತಂಡದವರು ಯಾರೂ ಇರಲಿಲ್ಲ. ಆದರೆ ಗೋಡೆಯಾಚೆ ನಿವೃತ್ತ ಮೇಷ್ಟ್ರಿದ್ದರು, ಕೆಳಗಿನ ಮನೆಯಲ್ಲಿ ಹೊಲಿಗೆ ಅಕ್ಕ ಇದ್ದಳು, ಮೇಲಿನ ಮನೆಯಲ್ಲಿ ಬಸ್ಸಿನ ಡ್ರೈವರು ಹಲ್ಲುಜ್ಜುತ್ತಿದ್ದ. ಮೂರನೆಯ ಮಹಡಿಯಿಂದ ಒಬ್ಬ ಮನುಷ್ಯ ಹಾರುತ್ತೇನೆಂದು ಕೂಗಿಕೊಂಡರೆ ಸುಮ್ಮನಿರಲಾದೀತೇ? ಡ್ರೈವರು ಬಕೆಟ್ ನೀರು ಹಿಡಿದು ಇಳಿದು ಬಂದವನೇ ಬಾಗಿಲಿಗೆ ಭುಜ ಕೊಟ್ಟು ಗುದ್ದಿದ. ಬರುವವರಿಲ್ಲದ ಮನೆಗೆ ಚಿಲಕ ಯಾಕೆಂದು ಕನ್ನಡಕದಣ್ಣ ಅದನ್ನು ಹಾಕುವುದನ್ನೇ ಬಿಟ್ಟಿದ್ದ. ಹಾಗಾಗಿ ಡ್ರೈವರು, ಬಕೆಟ್ಟು, ನೀರು ಮೂರೂ ಒಟ್ಟಿಗೇ ಒಳಗೆ ಬಂದವು. ಕೋಳಿ ತನ್ನ ಮರಿಯನ್ನು ಮುಚ್ಚಿಕೊಳ್ಳುವ ಹಾಗೆ ಕನ್ನಡಕದಣ್ಣ ಕಂಪ್ಯೂಟರಿನ ಮೇಲೆ ಬಾಗಿದ. ನೀರೆಲ್ಲ ಅವನ ಬೆನ್ನಿಗೆ.

"ಬೆಂಕಿ ಎಲ್ರೀ?" ಡ್ರೈವರು ನೆಲದ ಮೇಲಿನಿಂದಲೇ ಕೇಳಿದ.

"ಇದರೊಳಗೆ..." ಕನ್ನಡಕದಣ್ಣ ಪರದೆ ತೋರಿಸಿದ. ವಿಮಾನ ಅಚ್ಚುಕಟ್ಟಾಗಿ ಉರಿಯುತ್ತಿತ್ತು.

ಹೊಲಿಗೆ ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. "ನನ್ನ ಜೀವ ಬಾಯಿಗೆ ಬಂದಿತ್ತು! ಮೊದಲು ಅಂಗಿ ಬದಲಾಯಿಸ್ಕೊಳ್ಳಿ ಅಣ್ಣ, ನೆಗಡಿ ಆಗುತ್ತೆ."

ನೆಗಡಿಯಾಗುತ್ತದೆ ಎಂದು ಅವನಿಗೆ ಯಾರಾದರೂ ಹೇಳಿ ಎಷ್ಟು ವರ್ಷವಾಗಿತ್ತೋ. ಅಂಗಿ ಬದಲಾಯಿಸುತ್ತಾ ಅವನು ಎರಡು ಗುಂಡಿ ತಪ್ಪಾಗಿ ಹಾಕಿಕೊಂಡ.

ಬಂದವರು ಅಲ್ಲಿಗೇ ಹೋಗಬಹುದಿತ್ತು. ಆದರೆ ಕೆಟ್ಟ ಯಂತ್ರವೊಂದು ಎದುರಿಗಿದ್ದರೆ ಬಿಟ್ಟು ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಎಡಕ್ಕೆ ಎಳೆಯುವ ಕತೆ ಕೇಳಿದ ಡ್ರೈವರು ಎದ್ದು ನಿಂತು ಪ್ಯಾಂಟು ಒರೆಸಿಕೊಂಡ.

"ಅಲೈನ್‌ಮೆಂಟ್ ಹೋಗಿದೆ ಅಷ್ಟೆ. ನನ್ನ ಬಸ್ಸೂ ಹೀಗೇ ಎಳೀತಿತ್ತು. ಎಡಗಡೆ ಸೀಟಲ್ಲಿ ದಪ್ಪಗಿರೋರನ್ನ ಕೂರಿಸ್ಬಾರದು."

"ಇದ್ರಲ್ಲಿ ನಾನೊಬ್ನೇ ಕೂರೋದು" ಎಂದ ಕನ್ನಡಕದಣ್ಣ.

"ಏಳಿ, ನಾನು ನೋಡ್ತೀನಿ." ಡ್ರೈವರು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಜಾಯ್‌ಸ್ಟಿಕ್ ಹಿಡಿದ. "ಇದರ ಹಾರ್ನ್ ಎಲ್ಲಿದೆ?"

"ಯುದ್ಧವಿಮಾನಕ್ಕೆ ಹಾರ್ನ್ ಇರಲ್ಲ."

"ಮತ್ತೆ ಮುಂದಿರೋನು ದಾರಿ ಬಿಡೋದು ಹೇಗೆ?"

"ಗುಂಡು ಹೊಡೀತೀವಿ."

ಡ್ರೈವರು ಜಾಯ್‌ಸ್ಟಿಕ್ಕನ್ನು ಗೌರವದಿಂದ ಸವರಿದ. "ಇದನ್ನ ನಮ್ಮ ಬಸ್ಸಿಗೂ ಹಾಕಿಸ್ಬೇಕು" ಎಂದ.

ಮೇಷ್ಟ್ರು ಅಷ್ಟರಲ್ಲಿ ವಿಮಾನದ ಕೈಪಿಡಿಯನ್ನು ಕೈಗೆತ್ತಿಕೊಂಡಿದ್ದರು. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. "ಎಲ್ಲ ಕ್ರಮವಾಗಿ ಆಗ್ಬೇಕು. ಮೊದಲನೇ ಪಾಠ, ಪೈಲಟ್ಟನ ಆಸನ" ಎಂದು ಜೋರಾಗಿ ಓದತೊಡಗಿದರು. ಚಕ್ರಗಳ ಪಾಠಕ್ಕೆ ಬರುವಷ್ಟರಲ್ಲಿ ಡ್ರೈವರು ವಿಮಾನವನ್ನು ಎರಡು ಸಲ ಸಮುದ್ರಕ್ಕೆ ಇಳಿಸಿದ್ದ.

"ಬಿಚ್ಚಿಯೇ ನೋಡೋಣ" ಎಂದಳು ಹೊಲಿಗೆ ಅಕ್ಕ.

ಕನ್ನಡಕದ ತಿರುಪು ಬಿಗಿಯುವ ಪುಟ್ಟ ಸ್ಕ್ರೂಡ್ರೈವರಿನಿಂದ ಕನ್ನಡಕದಣ್ಣ ಜಾಯ್‌ಸ್ಟಿಕ್ ಬಿಚ್ಚಿದ. ಮುಚ್ಚಳ ತೆಗೆದದ್ದೇ ತಡ, ಒಳಗಿನ ಸ್ಪ್ರಿಂಗ್ ಶಾಲೆ ಬಿಟ್ಟ ಮಗುವಿನಂತೆ ನೆಗೆದು ಮಾಯವಾಯಿತು. ನಾಲ್ವರೂ ಮಂಡಿಯೂರಿ ಹುಡುಕಿದರು. ಮೇಷ್ಟ್ರು ಮಂಚದ ಕೆಳಗೆ ತೂರಿ ಸಿಕ್ಕಿಹಾಕಿಕೊಂಡರು. ಡ್ರೈವರು ಅವರ ಕಾಲು ಹಿಡಿದು, "ಹಿಂದೆ ಬನ್ನಿ, ಹಿಂದೆ ಬನ್ನಿ, ಸ್ವಲ್ಪ ಎಡಕ್ಕೆ ಕಟ್ ಮಾಡಿ" ಎಂದು ಹೊರಗೆ ತೆಗೆಸಿದ. ಕೊನೆಗೆ ನೋಡಿದರೆ ಸ್ಪ್ರಿಂಗ್ ಹೊಲಿಗೆ ಅಕ್ಕನ ತುರುಬಿನಲ್ಲಿ ಕೂತಿತ್ತು. ಅವಳು ನಕ್ಕ ನಗುವಿಗೆ ಮೇಷ್ಟ್ರೂ ನಕ್ಕರು, ಕನ್ನಡಕದಣ್ಣನೂ ನಕ್ಕ. ತನ್ನ ನಗು ಆ ಕೋಣೆಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಚಹಾ ಮಾಡುತ್ತೇನೆಂದು ಎದ್ದವನು ಒಲೆಯ ಮುಂದೆ ನಿಂತೇ ಇದ್ದ. ಮನೆಯಲ್ಲಿದ್ದದ್ದು ಒಂದೇ ಲೋಟ. ಹೊಲಿಗೆ ಅಕ್ಕ ಒಮ್ಮೆ ಇಣುಕಿ ನೋಡಿದಳು. ಕೆಳಗೆ ಹೋಗಿ ಹೂವಿನ ಚಿತ್ರದ ಮೂರು ಲೋಟ ತಂದು, "ನನ್ನ ಲೋಟದಲ್ಲಿ ಕುಡೀದಿದ್ರೆ ನನಗೆ ಚಹಾ ಸೇರಲ್ಲ ಅಣ್ಣ, ಅದಕ್ಕೇ ತಂದೆ" ಎಂದಳು.

ಯಂತ್ರದ ಎಣ್ಣೆಯನ್ನೂ ಅವಳೇ ತಂದಿದ್ದಳು. ಜಾಯ್‌ಸ್ಟಿಕ್ಕಿಗೆ ಧಾರಾಳವಾಗಿ ಎಣ್ಣೆ ಬಿಟ್ಟಳು. ಅದು ಈಗ ಹಿಡಿದರೆ ಮೀನಿನಂತೆ ಜಾರುತ್ತಿತ್ತು. ವಿಮಾನ ಮಾತ್ರ ಜಾರಿಕೊಂಡೇ ಎಡಕ್ಕೆ ಹೋಯಿತು. ಮಧ್ಯಾಹ್ನ ಕಳೆದು ಮೇಷ್ಟ್ರು ರೆಕ್ಕೆಗಳ ಪಾಠ ಮುಗಿಸುವ ಹೊತ್ತಿಗೆ ಮೂವರೂ ಸೋತಿದ್ದರು.

"ಸ್ವಲ್ಪ ಪೇಟೆ ಕಡೆ ಹೋಗಿ ಬರ್ತೀವಿ" ಎಂದು ಎದ್ದರು. "ಲೋಟ ಇಲ್ಲೇ ಇರ್ಲಿ" ಎಂದಳು ಹೊಲಿಗೆ ಅಕ್ಕ.

ಅವರು ಹೋದ ಮೇಲೆ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಕನ್ನಡಕದಣ್ಣ ಜಾಯ್‌ಸ್ಟಿಕ್ ಜೋಡಿಸತೊಡಗಿದ. ಕೊನೆಯ ತಿರುಪು ಎಣ್ಣೆಗೈಯಿಂದ ಜಾರಿ ಮೇಜಿನ ಕೆಳಗೆ ಬಿತ್ತು. ತೆಗೆಯಲು ಬಗ್ಗಿದವನು ಬಗ್ಗಿಯೇ ಉಳಿದ.

ಹಿಂದಿನ ವಾರ ಗುಡಿಸುವಾಗ, ಅಂಗಡಿಯಿಂದ ತಂದ ಒಡಕು ಗಾಜಿನ ಪೆಟ್ಟಿಗೆಯನ್ನು ಅವನೇ ಮೇಜಿನ ಕೆಳಗೆ ನೂಕಿದ್ದ. ಅದು ಬಲ ಪೆಡಲಿನ ಬೆನ್ನಿಗೆ ಒತ್ತಿಕೊಂಡು ಕೂತಿತ್ತು. ಆ ಪೆಡಲುಗಳು ತಕ್ಕಡಿಯ ಹಾಗೆ. ಬಲಗಡೆಯದು ಹಿಂದೆ ಬಂದರೆ ಎಡಗಡೆಯದು ಮುಂದೆ ಹೋಗುತ್ತದೆ, ವಿಮಾನದ ಮೂತಿ ಎಡಕ್ಕೆ ತಿರುಗುತ್ತದೆ. ಎಡಗಾಲು ಚಾಚಿಕೊಂಡಂತೆ ಅನಿಸುತ್ತಿದ್ದುದನ್ನು ಅವನು ವಾರವಿಡೀ ವಯಸ್ಸಿನ ಲೆಕ್ಕಕ್ಕೆ ಬರೆದಿದ್ದ.

ಪೆಟ್ಟಿಗೆ ಸರಿಸಿ ವಿಮಾನ ಏರಿಸಿದ. ನೂಲು ಹಿಡಿದಂತೆ ನೇರ ಹೋಯಿತು. "ಗೆದ್ದೆ!" ಎಂದು ತಿರುಗಿದ. ಹೇಳಲು ಯಾರೂ ಇರಲಿಲ್ಲ. ಒಲೆಯ ಪಕ್ಕದಲ್ಲಿ ನಾಲ್ಕು ಲೋಟಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

ಅವನು ಲೋಟಗಳನ್ನು ನೋಡಿದ, ವಿಮಾನ ನೋಡಿದ. ಮತ್ತೆ ಲೋಟ ನೋಡಿದ. ಸರಿಹೋಯಿತು ಎಂದರೆ ನಾಳೆ ಇವರು ಯಾಕೆ ಬರುತ್ತಾರೆ? ಕೈಪಿಡಿಯಲ್ಲಿ ಇನ್ನೂ ರೇಡಾರಿನ ಪಾಠ ಬಾಕಿಯಿತ್ತು. ಅವನು ಮಂಡಿಯೂರಿ, ಕಳ್ಳನಂತೆ ಅತ್ತಿತ್ತ ನೋಡಿ, ಪೆಟ್ಟಿಗೆಯನ್ನು ಮೊದಲಿದ್ದಲ್ಲಿಗೇ ಒತ್ತಿ ಇಟ್ಟ.

ಸಂಜೆ ಹೆಡ್‌ಫೋನಿನಲ್ಲಿ ದನಿ ಬಂತು. "ಮೂರು, ಇದೀರಾ? ಸರಿಹೋಯ್ತಾ?"

"ಇಲ್ಲ" ಎಂದ ಕನ್ನಡಕದಣ್ಣ ಹಬ್ಬದ ದನಿಯಲ್ಲಿ. "ದೊಡ್ಡ ರಿಪೇರಿ ಇದೆ. ಮೂರು ಜನ ಕೂತಿದಾರೆ. ನಾಳೆನೂ ಬರ್ತಾರೆ."

"ಹಾಗಾದ್ರೆ ನಿಮ್ಮ ಜಾಗಕ್ಕೆ ಆ ಇನ್ನೊಬ್ರನ್ನ ಸೇರಿಸ್ಕೊಳ್ಲಾ? ಒಂದ್ಸಲ ಸೇರಿಸ್ಕೊಂಡ್ರೆ ಆಮೇಲೆ ತೆಗೆಯೋಕಾಗಲ್ಲ."

"ಧಾರಾಳವಾಗಿ ಸೇರಿಸ್ಕೊಳ್ಳಿ!"

ಹೆಡ್‌ಫೋನ್ ತೆಗೆದಿಟ್ಟು ಲೋಟಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟ. ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಈ ಸಲ ಡ್ರೈವರು ಗುದ್ದಲಿಲ್ಲ, ಮರ್ಯಾದೆಯಿಂದ ತಟ್ಟಿದ. ಹಿಂದೆ ಮೇಷ್ಟ್ರು, ಹೊಲಿಗೆ ಅಕ್ಕ. ಮೇಷ್ಟ್ರ ಕೈಯಲ್ಲಿ ಹೊಳೆಯುವ ಕಾಗದ ಸುತ್ತಿದ ಪೆಟ್ಟಿಗೆ.

"ಇರೋದು ಒಂದು ರಜೆ, ಅದನ್ನ ನಾವು ಹಾಳು ಮಾಡಿದ್ವಿ" ಎಂದರು ಮೇಷ್ಟ್ರು. "ನೀವು ಸಂಕೋಚದ ಮನುಷ್ಯ, ಏಳಿ ಹೋಗಿ ಅನ್ನಲಿಲ್ಲ. ಅದಕ್ಕೇ ಮೂರೂ ಜನ ಸೇರಿ ಹೊಸ ಜಾಯ್‌ಸ್ಟಿಕ್ಕೇ ತಂದ್ವಿ. ಹಣದ ಮಾತೆತ್ತಿದ್ರೆ ನನಗೆ ಕೋಪ ಬರುತ್ತೆ."

"ಹತ್ತು ವರ್ಷ ಗ್ಯಾರಂಟಿ ಅಂತೆ!" ಡ್ರೈವರು ಎದೆಯುಬ್ಬಿಸಿದ. "ಇನ್ನು ಹತ್ತು ವರ್ಷ ನೀವು ಯಾರ ಬಾಗಿಲೂ ತಟ್ಟೋ ಹಾಗಿಲ್ಲ."

"ಕೆಡೋದೂ ಇಲ್ವಾ?" ಕನ್ನಡಕದಣ್ಣನ ದನಿ ಸಣ್ಣಗಾಗಿತ್ತು.

"ಕೆಟ್ರೆ ಆ ಅಂಗಡಿಯವನನ್ನ ನಾನು ಬಿಡ್ತೀನಾ? ಈಗ್ಲೇ ಹೋಗಿ ಕುತ್ತಿಗೆಪಟ್ಟಿ ಹಿಡೀತೀನಿ. ಕೂತ್ಕೊಳ್ಳಿ, ಹಾರಿಸಿ ನೋಡೋಣ."

ಕನ್ನಡಕದಣ್ಣ ಕೂತ. ಹೊಸ ಜಾಯ್‌ಸ್ಟಿಕ್ ಕೈಗೆ ತಣ್ಣಗಿತ್ತು. ವಿಮಾನ ಏರಿತು, ಏರಿ, ಮೆಲ್ಲಗೆ ಎಡಕ್ಕೆ ವಾಲತೊಡಗಿತು. ಒಂದು ಮಾತು ಆಡದಿದ್ದರೆ ಸಾಕಿತ್ತು, ನಾಳೆಯೂ ನಾಲ್ಕು ಲೋಟ ಚಹಾ. ಅವನು ಕತ್ತೆತ್ತಿ ನೋಡಿದ. ಮೇಷ್ಟ್ರ ಮುಖ ಬಾಡಿತ್ತು. ಡ್ರೈವರು ಆಗಲೇ ತೋಳು ಮಡಚುತ್ತಿದ್ದ. ಹೊಲಿಗೆ ಅಕ್ಕ ಪರೀಕ್ಷೆ ಬರೆಯುವ ಮಗನನ್ನು ನೋಡುವ ತಾಯಿಯಂತೆ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು.

ಕನ್ನಡಕದಣ್ಣ ಮೇಜಿನ ಕೆಳಗೆ ಕಾಲು ಚಾಚಿ, ಯಾರಿಗೂ ಕಾಣದಂತೆ, ಗಾಜಿನ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದ. ವಿಮಾನ ನೆಟ್ಟಗಾಯಿತು.

ಮೂವರೂ ಚಪ್ಪಾಳೆ ತಟ್ಟಿದರು. ಡ್ರೈವರು ಅವನ ಬೆನ್ನಿಗೆ ಗುದ್ದಿದ. "ಇನ್ನು ನೆಮ್ಮದಿಯಾಗಿ ಹಾರಿಸಿ. ನಾವು ಈ ಕಡೆ ತಲೆ ಕೂಡ ಹಾಕಲ್ಲ!"

"ಚಹಾ..." ಎಂದ ಕನ್ನಡಕದಣ್ಣ.

"ಬೇಡ ಅಣ್ಣ, ನಿಮ್ಮ ಹೊತ್ತು ಸಾಕಷ್ಟು ತಿಂದಿದೀವಿ." ಹೊಲಿಗೆ ಅಕ್ಕ ಹೂವಿನ ಲೋಟಗಳನ್ನು ಒಂದರೊಳಗೊಂದು ಇಟ್ಟು ಸೆರಗಿನಲ್ಲಿ ಕಟ್ಟಿಕೊಂಡಳು. "ಅಯ್ಯೋ, ತೊಳೆದೂ ಇಟ್ಟಿದೀರಲ್ಲ!"

ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಕನ್ನಡಕದಣ್ಣ ಹೆಡ್‌ಫೋನ್ ಹಾಕಿಕೊಂಡ. ದೂರದಲ್ಲಿ ಮುಖಂಡನ ದನಿ: "ಮೂರು, ಇದೀರಾ?" ಹೊಸ ಗಂಟಲೊಂದು ಉತ್ಸಾಹದಿಂದ, "ಇದೀನಿ!" ಎಂದಿತು.

ಅವನು ಹೆಡ್‌ಫೋನ್ ತೆಗೆದ. ವಿಮಾನ ನೇರ, ಬಲು ನೇರ ಹಾರುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿ, ಬಾಗಿಲಿನತ್ತ ಒಮ್ಮೆ ನೋಡಿ, ಎದ್ದು ನಿಂತು, ಗೋಡೆಗೆ ಹತ್ತಿರವಾಗಿ, ಬೆಳಿಗ್ಗೆಗಿಂತ ಜೋರಾಗಿ ಕೂಗಿದ.

"ಬೆಂಕಿ! ಬೆಂಕಿ! ಹಾರ್ತಾ ಇದೀನಿ! ಯಾರಾದ್ರೂ ಇದೀರಾ?"

ಗೋಡೆಯಾಚೆಯಿಂದ ಮೇಷ್ಟ್ರ ದನಿ ಅಕ್ಕರೆಯಿಂದ ಕೇಳಿಬಂತು.

"ಹಾರಿ, ಹಾರಿ! ಆರಾಮಾಗಿ ಹಾರಿ! ನಾವ್ಯಾರೂ ತೊಂದ್ರೆ ಕೊಡಲ್ಲ!"